ಐರ್ಲೆಂಡಿನ ನಾಡು, ನುಡಿ, ಆತಿಥ್ಯ

ಐರ್ಲೆಂಡಿಗೆ ಹೋಗಿ ಬಂದವರನ್ನು ಆ ದೇಶ ಹೇಗಿದೆಯೆಂದು ಕೇಳಿದರೆ ಪ್ರಾಯಶಃ ಎರಡು ಮಾತುಗಳು ಉತ್ತರವಾಗಿ ದೊರೆಯುತ್ತವೆ: ನಾಡು ಹಸುರು, ಜನ ಸ್ನೇಹಪರರು. ಎರಡೂ ನಿಜವೇ. ಆದರೆ ಇಷ್ಟನ್ನು ಮಾತ್ರ ಕಂಡು ಬಂದವನು ಜಗಲಿಯ ಮೇಲೆ ಕುಳಿತೆದ್ದು ಬಂದವನೇ ಹೊರತು ನಡುಮನೆಯನ್ನು ಹೊಕ್ಕವನಲ್ಲ. ಆ ಹಸುರಿನ ಅಡಿಯಲ್ಲಿ ಹಸಿವಿನ ಚರಿತ್ರೆಯಿದೆ; ಆ ಸ್ನೇಹದ ಹಿಂದೆ ಸಾವಿರ ವರ್ಷಕ್ಕೂ ಹಳೆಯದಾದ ಧರ್ಮಶಾಸ್ತ್ರದ ಕಟ್ಟಳೆಯಿದೆ; ಇವೆರಡನ್ನೂ ಹೊತ್ತು ತಂದ ಒಂದು ಭಾಷೆಯಿದೆ. ಆ ಭಾಷೆ ಇಂದು ಪ್ರವಾಸಿಯ ಕಿವಿಗೆ ತಾನಾಗಿಯೇ ಬೀಳುವುದಿಲ್ಲ. ವಿಮಾನ ನಿಲ್ದಾಣದಲ್ಲಿ, ಹೋಟೆಲಿನಲ್ಲಿ, ಅಂಗಡಿಯಲ್ಲಿ ಎಲ್ಲೆಲ್ಲಿಯೂ ಇಂಗ್ಲಿಷೇ. ಆದುದರಿಂದ ಐರ್ಲೆಂಡನ್ನು ನಿಜವಾಗಿ ಕಾಣಬಯಸುವವರು ಆ ನುಡಿಯನ್ನು ಅರಸಿಕೊಂಡು ಹೋಗಬೇಕು. ಹೋದಲ್ಲಿ ಬಾಡಿಗೆದಾರರಾಗಿ ಇಳಿಯದೆ ಅತಿಥಿಗಳಾಗಿ ಇಳಿಯಬೇಕು ಎಂಬುದು ಈ ಲೇಖನದ ವಿಜ್ಞಾಪನೆ.

ಕನ್ನಡಿಗರಿಗಂತೂ ಈ ವಿಷಯದಲ್ಲಿ ಒಂದು ಋಣವೇ ಇದೆ. 1924ರಲ್ಲಿ ಜೇಮ್ಸ್ ಕಸಿನ್ಸ್ ಎಂಬ ಐರಿಷ್ ಕವಿ ಮೈಸೂರಿಗೆ ಬಂದಿದ್ದಾಗ ತರುಣ ವಿದ್ಯಾರ್ಥಿ ಕೆ. ವಿ. ಪುಟ್ಟಪ್ಪನವರು ತಮ್ಮ ಇಂಗ್ಲಿಷ್ ಕವಿತೆಗಳನ್ನು ಹಿಡಿದು ಅವರನ್ನು ಕಂಡರು. ಕಸಿನ್ಸರು ಅವನ್ನು ನೋಡಿ, ತಾಯಿನುಡಿಯಲ್ಲಿ ಬರೆಯುವಂತೆ ಆ ತರುಣನಿಗೆ ಹೇಳಿದರು. ಮುಂದೆ ಆ ತರುಣ ಕುವೆಂಪು ಆದುದು ಸರ್ವವಿದಿತ. ಕಸಿನ್ಸರು 1873ರಲ್ಲಿ ಬೆಲ್‌ಫಾಸ್ಟಿನಲ್ಲಿ ಹುಟ್ಟಿದವರು. ಐರಿಷ್ ಸಾಹಿತ್ಯದ ಪುನರುತ್ಥಾನದಲ್ಲಿ ಪಾಲ್ಗೊಂಡು 1915ರಲ್ಲಿ ಭಾರತಕ್ಕೆ ಬಂದವರು. ಸ್ವಾರಸ್ಯವೆಂದರೆ ಅವರು ಸ್ವತಃ ಕಾವ್ಯ ರಚಿಸಿದ್ದು ಇಂಗ್ಲಿಷಿನಲ್ಲಿಯೇ. ತನ್ನ ನಾಡಿನ ನುಡಿ ಸೊರಗಿದುದನ್ನು ಕಂಡವನ ಬಾಯಿಂದ ಆ ಸಲಹೆ ಬಂದುದರಿಂದಲೇ ಅದಕ್ಕೆ ಅಷ್ಟು ತೂಕ ಬಂದಿತೆಂದು ಊಹಿಸಿದರೆ ತಪ್ಪಾಗದು.

ಆ ನುಡಿ ಎಲ್ಲಿ ಅಡಗಿದೆ? ಮೊಟ್ಟಮೊದಲು ಊರಿನ ಹೆಸರುಗಳಲ್ಲಿ. ಡಬ್ಲಿನ್ ಎಂಬ ಪದಕ್ಕೆ ಇಂಗ್ಲಿಷಿನಲ್ಲಿ ಅರ್ಥವಿಲ್ಲ. ಐರಿಷಿನಲ್ಲಿ ಅದು ‘ಕರಿಯ ಮಡು’. ಅದೇ ನಗರಕ್ಕೆ ಐರಿಷ್ ಭಾಷೆಯಲ್ಲಿರುವ ಅಧಿಕೃತ ಹೆಸರಿನ ಅರ್ಥ ‘ತಡಿಕೆ ಹಾಸಿದ ಹಾಯ್ಗಡದ ಊರು’. ಬ್ಯಾಲಿ ಎಂದು ಮೊದಲಾಗುವ ಹೆಸರುಗಳಲ್ಲಿ ಬಹುಪಾಲು ‘ಊರು’ ಎಂಬ ಪದವೂ, ಕಿಲ್ ಎಂಬಲ್ಲಿ ಸಾಮಾನ್ಯವಾಗಿ ಗುಡಿಯೂ, ನಾಕ್ ಎಂಬಲ್ಲಿ ಗುಡ್ಡವೂ, ಡನ್ ಎಂಬಲ್ಲಿ ಕೋಟೆಯೂ ಅಡಗಿವೆ. ಡೆರಿ ಎಂದರೆ ಓಕ್ ಮರಗಳ ತೋಪು. 1824ರಲ್ಲಿ ಬ್ರಿಟಿಷ್ ಸರ್ಕಾರ ಆರಂಭಿಸಿದ ಭೂಮಾಪನದಲ್ಲಿ ಈ ಹೆಸರುಗಳನ್ನೆಲ್ಲ ಇಂಗ್ಲಿಷ್ ಕಿವಿಗೆ ಕೇಳಿಸಿದಂತೆ ನಕ್ಷೆಯ ಮೇಲೆ ಬರೆದುದರಿಂದ ಸದ್ದು ಉಳಿದು ಅರ್ಥ ಉದುರಿತು. ಆದರೂ ಆ ಕಾರ್ಯದಲ್ಲಿ ನಿಯುಕ್ತನಾಗಿದ್ದ ಜಾನ್ ಒ’ಡೊನೊವನ್ ಎಂಬ ವಿದ್ವಾಂಸನನ್ನು ಸ್ಮರಿಸದಿರುವುದು ಅನ್ಯಾಯ. ಅವನು ಪ್ರಾಂತ ಪ್ರಾಂತಗಳನ್ನು ಸುತ್ತಿ, ಹಿರಿಯರ ಬಾಯಿಂದ ಮೂಲರೂಪಗಳನ್ನು ಕೇಳಿ ದಾಖಲಿಸಿದುದರಿಂದಲೇ ಇಂದು ಅರ್ಥಗಳು ಮರಳಿ ದೊರೆಯುತ್ತಿವೆ. ಬ್ರಯನ್ ಫ್ರೀಲ್ ಎಂಬ ನಾಟಕಕಾರ ಈ ಭೂಮಾಪನವನ್ನೇ ವಸ್ತುವಾಗಿಸಿಕೊಂಡು ಬರೆದ ನಾಟಕ 1980ರಲ್ಲಿ ಡೆರಿ ನಗರದಲ್ಲಿಯೇ ಪ್ರಥಮ ಪ್ರಯೋಗ ಕಂಡಿತು. ಇಂದು ಗಣರಾಜ್ಯದ ದಾರಿಫಲಕಗಳಲ್ಲಿ ಐರಿಷ್ ಹೆಸರು ಮೇಲೆ, ಇಂಗ್ಲಿಷ್ ಹೆಸರು ಕೆಳಗೆ ಇರುತ್ತದೆ. ಪ್ರವಾಸಿಗಳು ಓದುವುದು ಕೆಳಗಿನ ಸಾಲನ್ನು.

ಭೂದೃಶ್ಯದ ಮಾತಿಗೆ ಬಂದರೆ, ಪಶ್ಚಿಮ ಕರಾವಳಿಯ ಕ್ಲೇರ್ ಪ್ರಾಂತದಲ್ಲಿ ಸಮುದ್ರದಿಂದ 214 ಮೀಟರಿನಷ್ಟು ನೆಟ್ಟಗೆ ಎದ್ದು ನಿಂತ ಮೋಹರ್ ಕಡಲಬಂಡೆಗಳನ್ನು ಎಲ್ಲರೂ ನೋಡುತ್ತಾರೆ. ಉತ್ತರ ತೀರದಲ್ಲಿ ಸುಮಾರು 40 ಸಾವಿರ ಶಿಲಾಸ್ತಂಭಗಳನ್ನು ಜೋಡಿಸಿಟ್ಟಂತಿರುವ ‘ದೈತ್ಯನ ಹಾದಿ’ಯನ್ನೂ ನೋಡುತ್ತಾರೆ. (ಅದೇ ಬಗೆಯ ಸ್ತಂಭಾಕಾರದ ಲಾವಾಶಿಲೆಗಳು ಉಡುಪಿಯ ಮಲ್ಪೆಯ ಎದುರಿಗಿನ ದ್ವೀಪದಲ್ಲಿಯೂ ಇವೆಯೆಂಬುದನ್ನು ಇಲ್ಲಿಯವರೇ ಎಷ್ಟೋ ಜನ ಅರಿಯರು.) ಆದರೆ ಮೋಹರಿಗೆ ಸಮೀಪದಲ್ಲಿಯೇ ಇರುವ ಬರೆನ್ ಎಂಬ ಪ್ರದೇಶದಲ್ಲಿ ವಾಹನದಿಂದಿಳಿದು ನಡೆಯುವವರು ವಿರಳ. ಹೆಸರಿಗೆ ಕಲ್ಲುನೆಲವೆಂದೇ ಅರ್ಥ. ಮೂವತ್ತು ಕೋಟಿ ವರ್ಷಗಳಿಗೂ ಹಿಂದೆ ಬೆಚ್ಚನೆಯ ಸಮುದ್ರದ ತಳದಲ್ಲಿ ಪದರಗಟ್ಟಿದ ಸುಣ್ಣಕಲ್ಲು ಹಿಮಯುಗದಲ್ಲಿ ಮೈ ಕೆರೆಸಿಕೊಂಡು ಬೋಳಾಗಿ ಬೂದುಬಣ್ಣದ ಹಾಸಾಗಿದೆ. ಬರಡೆಂದು ಕಾಣುವ ಆ ಹಾಸಿನ ಬಿರುಕುಗಳಲ್ಲಿ ವಸಂತದ ಹೊತ್ತಿಗೆ ಆಲ್ಪ್ಸ್ ಪರ್ವತದ ನೀಲಿ ಹೂವು, ಉತ್ತರ ಧ್ರುವದ ಕಡೆಯ ಬಿಳಿ ಹೂವು, ಮೆಡಿಟರೇನಿಯನ್ ತೀರದ ಸಸ್ಯ ಒಂದರ ಮಗ್ಗುಲಲ್ಲಿ ಒಂದು ಅರಳುತ್ತವೆ. ಇದರ ಗುಟ್ಟು ದನಗಾಹಿಗಳಲ್ಲಿದೆ. ಬೇರೆಡೆ ಬೇಸಗೆಯಲ್ಲಿ ದನಗಳನ್ನು ಗುಡ್ಡಕ್ಕೆ ಅಟ್ಟುತ್ತಾರೆ. ಬರೆನ್ನಿನವರು ಚಳಿಗಾಲದಲ್ಲಿ ಅಟ್ಟುತ್ತಾರೆ. ಬೇಸಗೆಯ ಬಿಸಿಯನ್ನು ಕಲ್ಲು ತನ್ನೊಳಗೆ ಉಳಿಸಿಕೊಂಡಿರುತ್ತದೆ. ಒರಟು ಹುಲ್ಲನ್ನು ದನಗಳು ಆಗ ಮೇದುಬಿಡುವುದರಿಂದ ವಸಂತದಲ್ಲಿ ಹೂಗಿಡಗಳಿಗೆ ಬೆಳಕು ಸಿಗುತ್ತದೆ. ಅಲ್ಲಿಯೇ ಐದೂವರೆ ಸಾವಿರ ವರ್ಷಗಳಿಗೂ ಹಿಂದಿನ ಕಲ್ಮನೆ ಸಮಾಧಿಯೊಂದು ನಿಂತಿದೆ. ಮಂದೆಗಳೂ ಮನುಷ್ಯರೂ ಅಂದಿನಿಂದ ಅಲ್ಲಿ ನಡೆದಾಡಿದ್ದಾರೆ. ಎದುರಿನ ಕಡಲಿನಲ್ಲಿರುವ ಮೂರು ಅರಾನ್ ದ್ವೀಪಗಳಲ್ಲಿ ಮಣ್ಣೂ ಇರಲಿಲ್ಲ. ಮರಳನ್ನೂ ಸಮುದ್ರದ ಪಾಚಿಯನ್ನೂ ಬೆನ್ನಮೇಲೆ ಹೊತ್ತು ತಂದು ಬಂಡೆಯ ಮೇಲೆ ಹರಡಿ, ತಲೆಮಾರುಗಳ ಶ್ರಮದಿಂದ ಹೊಲ ಮಾಡಿಕೊಂಡ ಜನ ಅವರು. ಇಂತಹ ನೆಲವನ್ನು ಸೃಷ್ಟಿಸೌಂದರ್ಯವೆಂದು ಮಾತ್ರ ಹೊಗಳುವುದು ಅರ್ಧಸತ್ಯ. ಅದರಲ್ಲಿ ಮನುಷ್ಯನ ಕೈಯೂ ಇದೆ.

ಆ ಕೈಯ ಅತ್ಯಂತ ಶೋಕಕರವಾದ ಗುರುತು ಪಶ್ಚಿಮದ ಬೆಟ್ಟಗಳ ಇಳಿಜಾರಿನಲ್ಲಿ, ಇಂದು ಕುರಿ ಮಾತ್ರ ಮೇಯುವ ಎತ್ತರದಲ್ಲಿ, ಸಂಜೆಯ ಓರೆ ಬಿಸಿಲಿಗೆ ಸಾಲುಸಾಲಾಗಿ ಎದ್ದು ಕಾಣುವ ಏರಿಗಳು. ಅವು ಆಲೂಗಡ್ಡೆಯ ಪಾತಿಗಳು. ಕೊನೆಯ ಬಾರಿ ಅಗೆದವರು ಮರಳಿ ಬರಲಿಲ್ಲ. 1845ರಲ್ಲಿ ಶಿಲೀಂಧ್ರದಂತಹ ಒಂದು ರೋಗ ಗಡ್ಡೆಗಳನ್ನು ನೆಲದೊಳಗೇ ಕೊಳೆಯಿಸಿತು. ಬಡವರಿಗೆ ಅದೊಂದೇ ಆಹಾರ. 1852ರವರೆಗಿನ ಅವಧಿಯಲ್ಲಿ ಸುಮಾರು 10 ಲಕ್ಷ ಜನ ಸತ್ತರು. ಅದಕ್ಕಿಂತ ಹೆಚ್ಚು ಜನ ಹಡಗು ಹತ್ತಿದರು. ಧಾನ್ಯವೂ ದನವೂ ಆಗಲೂ ಬಂದರುಗಳಿಂದ ಇಂಗ್ಲೆಂಡಿಗೆ ಸಾಗುತ್ತಲೇ ಇದ್ದವು. 1841ರಲ್ಲಿ ದ್ವೀಪದ ಜನಸಂಖ್ಯೆ 81 ಲಕ್ಷವನ್ನು ಮೀರಿತ್ತು. ಈಗ ಸುಮಾರು 70 ಲಕ್ಷ. ನೂರೆಂಬತ್ತು ವರ್ಷ ಕಳೆದರೂ ತುಂಬದ ಆ ತಗ್ಗನ್ನು ನೆನೆದು ಆ ಹಸುರನ್ನು ನೋಡಬೇಕು. ಕ್ಷಾಮದ ಪರಿಹಾರಕಾರ್ಯದ ಹೊಣೆ ಹೊತ್ತು, ಕೈ ಬಿಗಿಹಿಡಿದುದಕ್ಕಾಗಿ ಅಪಖ್ಯಾತಿಗೊಳಗಾದ ಚಾರ್ಲ್ಸ್ ಟ್ರೆವೆಲಿಯನ್ 1859ರಲ್ಲಿ ಮದರಾಸಿನ ಗವರ್ನರಾಗಿ ಬಂದನು. ಬಳ್ಳಾರಿ ಸೀಮೆಯೂ ಆಗ ಮದರಾಸಿಗೆ ಸೇರಿತ್ತು. ಧಾತು ಈಶ್ವರ ಸಂವತ್ಸರಗಳ ಬರದಲ್ಲಿ ಕನ್ನಡನಾಡು ಉಂಡ ನೋವು ಐರ್ಲೆಂಡಿನ ನೋವಿಗೆ ಒಡಹುಟ್ಟಿದುದು. ಅಂದು ಐರಿಷರಿಗೆ ಹೊರಗಿನಿಂದ ಮೊದಲು ಒದಗಿದ ದೊಡ್ಡ ನೆರವುಗಳಲ್ಲಿ ಒಂದು ಕಲ್ಕತ್ತೆಯಲ್ಲಿ ಕೂಡಿದ ಹಣ. 1847ರಲ್ಲಿ ಅಮೆರಿಕದ ಮೂಲನಿವಾಸಿಗಳಾದ ಚಾಕ್ಟಾ ಜನರು, ತಾವೇ ನೆಲೆಗೆಟ್ಟು ನರಳುತ್ತಿದ್ದರೂ, ಕೈಲಾದಷ್ಟು ಕೂಡಿಸಿ ಕಳಿಸಿದರು. ಅದನ್ನು ಐರಿಷರು ಮರೆಯಲಿಲ್ಲ. 2020ರ ಸಾಂಕ್ರಾಮಿಕದಲ್ಲಿ ನವಾಹೊ ಮತ್ತು ಹೋಪಿ ಜನರಿಗೆ ಹಣ ಕಳಿಸಿದ ಐರಿಷರು ಈ ಹಳೆಯ ಸಾಲವನ್ನು ಹೆಸರಿಟ್ಟು ನೆನೆದರು.

ಇನ್ನು ಆತಿಥ್ಯ. ‘ಕೇದ್ ಮೀಲೆ ಫಾಲ್ಚೆ’, ಅಂದರೆ ನೂರು ಸಾವಿರ ಸ್ವಾಗತ, ಎಂಬ ನುಡಿಗಟ್ಟನ್ನು ಇಂದು ಬಟ್ಟಲುಗಳ ಮೇಲೂ ಕರವಸ್ತ್ರಗಳ ಮೇಲೂ ಅಚ್ಚುಹಾಕಿ ಮಾರುತ್ತಾರೆ. ಇದನ್ನು ವ್ಯಾಪಾರವೆಂದು ತಳ್ಳಿಹಾಕುವ ಮುನ್ನ ಐರ್ಲೆಂಡಿನ ಪ್ರಾಚೀನ ಧರ್ಮಶಾಸ್ತ್ರವನ್ನು ನೋಡತಕ್ಕದ್ದು. ಏಳು ಎಂಟನೆಯ ಶತಮಾನಗಳಲ್ಲಿ ಲಿಪಿಬದ್ಧವಾದ ಆ ಗ್ರಂಥಗಳಲ್ಲಿ ಬಂದವನಿಗೆ ಅನ್ನ, ಆಸರೆ ಕೊಡುವುದು ಇಚ್ಛೆಯ ಮಾತಲ್ಲ, ವಿಧಿ. ಅರ್ಹನಾದ ಅತಿಥಿಯನ್ನು ಬಾಗಿಲಿನಿಂದ ಹಿಂದಿರುಗಿಸಿದವನು ಅವನ ಅಂತಸ್ತಿಗೆ ತಕ್ಕ ದಂಡ ತೆರಬೇಕಿತ್ತು. ‘ಬ್ರೂಗು’ ಎಂಬ ಒಂದು ಪದವಿಯೇ ಇದ್ದಿತು. ಅತಿಥಿಸತ್ಕಾರಕ್ಕಾಗಿ ತನ್ನ ಸಂಪತ್ತನ್ನೆಲ್ಲ ಮುಡಿಪಿಟ್ಟು, ಹೊತ್ತೆನ್ನದೆ ಬಂದವರಿಗೆಲ್ಲ ಬಾಗಿಲು ತೆರೆದಿಟ್ಟವನಿಗೆ ಸಮಾಜದಲ್ಲಿ ಅತ್ಯುನ್ನತ ಮರ್ಯಾದೆ ಸಲ್ಲುತ್ತಿದ್ದಿತು. ರಾಜನೂ ಈ ವಿಧಿಗೆ ಹೊರತಲ್ಲ. ಬ್ರೆಸ್ ಎಂಬ ದೊರೆಯ ಪುರಾಣಕಥೆ ಇದಕ್ಕೆ ನಿದರ್ಶನ. ಅವನ ಅರಮನೆಗೆ ಕೇರ್‌ಬ್ರೆ ಎಂಬ ಕವಿ ಬಂದಾಗ ಅವನಿಗೆ ಕೊಟ್ಟದ್ದು ಬೆಂಕಿಯಿಲ್ಲದ, ಹಾಸಿಗೆಯಿಲ್ಲದ ಕತ್ತಲೆಯ ಗುಡಿಸಲು, ಒಂದು ಪುಟ್ಟ ತಟ್ಟೆಯಲ್ಲಿ ಮೂರು ಒಣರೊಟ್ಟಿ. ಮರುದಿನ ಬೆಳಗ್ಗೆ ಹೊರಡುವಾಗ ಕವಿ ಒಂದು ನಿಂದಾಪದ್ಯ ಹೇಳಿದನು. ಐರ್ಲೆಂಡಿನಲ್ಲಿ ರಚಿತವಾದ ಮೊದಲನೆಯ ವಿಡಂಬನೆ ಅದೇ ಎಂಬುದು ಪ್ರತೀತಿ. ಅಲ್ಲಿಂದಾಚೆಗೆ ಬ್ರೆಸನ ಏಳಿಗೆ ಮುರಿಯಿತು. ಕವಿಯ ಹಸಿವು ರಾಜ್ಯವನ್ನು ನುಂಗಿದ ಕಥೆಯೆಂದು ವಿನೋದಕ್ಕೆ ಹೇಳಬಹುದಾದರೂ, ಜಿಪುಣತನವನ್ನು ರಾಜದೋಷಗಳಲ್ಲಿ ಮುಖ್ಯವಾಗಿ ಎಣಿಸಿದ ಸಮಾಜ ಸಾಮಾನ್ಯವಾದುದಲ್ಲ.

ಅನ್ನದೊಡನೆ ವಿದ್ಯೆಯನ್ನೂ ಬಡಿಸಿದ ಉದಾಹರಣೆ ಪುರಾಣದ್ದಲ್ಲ, ಇತಿಹಾಸದ್ದು. 664ರಲ್ಲಿ ದೊಡ್ಡ ಪಿಡುಗು ಹರಡಿದ ಪ್ರಸಂಗವನ್ನು ಬರೆಯುವಾಗ ಇಂಗ್ಲೆಂಡಿನ ಇತಿಹಾಸಕಾರ ಬೀಡ್, ಆ ಕಾಲದಲ್ಲಿ ಅನೇಕ ಇಂಗ್ಲಿಷರು ವ್ಯಾಸಂಗಕ್ಕಾಗಿ ಐರ್ಲೆಂಡಿಗೆ ಹೋಗಿದ್ದುದನ್ನು ಹೇಳುತ್ತಾನೆ. ಐರಿಷರು ಅವರನ್ನು ಆದರದಿಂದ ಬರಮಾಡಿಕೊಂಡು ದಿನದಿನದ ಊಟ, ಓದಲು ಪುಸ್ತಕ, ಗುರುವಿನ ಪಾಠ ಮೂರನ್ನೂ ಪ್ರತಿಫಲವಿಲ್ಲದೆ ಕೊಟ್ಟರೆಂದು ಅವನ ಸಾಕ್ಷ್ಯ. ಚರ್ಮದ ಹಾಳೆಯ ಮೇಲೆ ಕೈಯಿಂದ ಬರೆದ ಒಂದೊಂದು ಪುಸ್ತಕ ಒಂದು ಮಂದೆಯಷ್ಟು ಬೆಲೆಬಾಳುತ್ತಿದ್ದ ಕಾಲದಲ್ಲಿ ಪುಸ್ತಕವನ್ನು ಪರದೇಶದ ಹುಡುಗನ ಕೈಗಿತ್ತ ಮಠಗಳವು. ಅನ್ನಛತ್ರವೂ ವಿದ್ಯಾಲಯವೂ ಒಂದೇ ಸೂರಿನಡಿ ನಡೆಯುವುದನ್ನು ಬಲ್ಲ ವಾಚಕರಿಗೆ ಇದರ ಬೆಲೆಯನ್ನು ವಿವರಿಸಬೇಕಾಗಿಲ್ಲ. ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನಲ್ಲಿ ಸುಮಾರು ಕ್ರಿ.ಶ. 800ರ ಕೆಲ್ಸ್ ಗ್ರಂಥದ ವರ್ಣಾಲಂಕಾರವನ್ನು ನೋಡಲು ಸಾಲುಗಟ್ಟುವವರು ಬೀಡನ ಈ ಮಾತನ್ನೂ ಓದಿಕೊಂಡು ಹೋದರೆ ಒಳ್ಳೆಯದು.

ಈ ಹಳೆಯ ವಿಧಿ ಇಂದು ಎಲ್ಲಿ ಉಳಿದಿದೆಯೆಂದರೆ ಅಡಿಗೆಮನೆಯ ಚಹಾದಲ್ಲಿ. ಜಗತ್ತಿನಲ್ಲಿ ತಲಾ ಅತಿ ಹೆಚ್ಚು ಚಹಾ ಕುಡಿಯುವವರಲ್ಲಿ ಐರಿಷರೂ ಸೇರಿದ್ದಾರೆ. ಚಹಾ ಬೇಕೇ ಎಂದು ಕೇಳಿದಾಗ ಅತಿಥಿ ಬೇಡವೆನ್ನಬೇಕು, ಮನೆಯಾಕೆ ಮತ್ತೆ ಒತ್ತಾಯಿಸಬೇಕು, ಮೂರನೆಯ ಸಲಕ್ಕೆ ಅತಿಥಿ ಒಪ್ಪಬೇಕು. ಈ ಉಪಚಾರವಿಧಿಯನ್ನು ಕನ್ನಡಿಗರಿಗೆ ಯಾರೂ ಕಲಿಸಬೇಕಾಗಿಲ್ಲ! ಚಹಾದೊಡನೆ ಬರುವ ರೊಟ್ಟಿಯೂ ಮಜ್ಜಿಗೆಯಿಂದ ಕಲಸಿದ್ದು. ಗೋದಿಹಿಟ್ಟಿಗೆ ಉಪ್ಪು, ಸೋಡಾ, ಮಜ್ಜಿಗೆ ಸೇರಿಸಿ ಸುಡುವ ಅದು ಸಸ್ಯಾಹಾರಿಗೂ ಸಲ್ಲುತ್ತದೆ. ಐರಿಷ್ ಭಾಷೆಯ ವಂದನೆಯಲ್ಲಿಯೂ ಈ ಧಾರಾಳವಿದೆ. ಒಬ್ಬನು ‘ದೇವರು ನಿನಗಿರಲಿ’ ಎಂಬರ್ಥದ ಮಾತು ಹೇಳಿದರೆ, ಎದುರಿನವನು ‘ದೇವರೂ ಮೇರಿಮಾತೆಯೂ ನಿನಗಿರಲಿ’ ಎಂದು ಒಂದನ್ನು ಕೂಡಿಸಿಯೇ ಹಿಂದಿರುಗಿಸುತ್ತಾನೆ. ಪಬ್ಬು ಎಂದೊಡನೆ ಮೂಗು ಮುರಿಯುವವರು ಒಂದು ಸಂಜೆ ಅಲ್ಲಿಯೂ ಕುಳಿತು ಕೇಳಬೇಕು, ಕುಡಿಯಲೇಬೇಕೆಂಬ ಕಡ್ಡಾಯವೇನಿಲ್ಲ. ಪಿಟೀಲು, ಕೊಳಲು, ತಿದಿಯೊತ್ತಿ ನುಡಿಸುವ ವಾದ್ಯ ಹಿಡಿದವರು ವೇದಿಕೆಯಿಲ್ಲದೆ, ಕೇಳುಗರಿಗೆ ಬೆನ್ನಾದರೂ ಸರಿ, ಒಬ್ಬರನ್ನೊಬ್ಬರು ನೋಡುತ್ತ ವೃತ್ತವಾಗಿ ಕುಳಿತು ನುಡಿಸುತ್ತಾರೆ. ವಾದ್ಯವಿಲ್ಲದೆ ಹಾಡುವ ಹಳೆಯ ಸಂಪ್ರದಾಯದಲ್ಲಿ ಹಾಡುವವನ ಕೈಯನ್ನು ಪಕ್ಕದವನು ಹಿಡಿದು ಲಯಕ್ಕೆ ತಕ್ಕಂತೆ ಮೆಲ್ಲನೆ ತಿರುಗಿಸುವ ಪದ್ಧತಿಯುಂಟು.

ಇಂತಹ ನುಡಿ ಸೊರಗಿದ್ದಾದರೂ ಹೇಗೆ? ಉಪಾಧ್ಯಾಯರಾದವರು ಇದನ್ನು ತಿಳಿಯಬೇಕು. ಹತ್ತೊಂಬತ್ತನೆಯ ಶತಮಾನದಲ್ಲಿ ಎಷ್ಟೋ ಕಡೆ ಮಗುವಿನ ಕೊರಳಿಗೆ ಒಂದು ಕೋಲನ್ನು ಕಟ್ಟುತ್ತಿದ್ದರು. ಮಗು ಐರಿಷ್ ಮಾತಾಡಿದಾಗಲೆಲ್ಲ ಕೋಲಿನ ಮೇಲೆ ಒಂದು ಕಚ್ಚು. ದಿನದ ಕೊನೆಗೆ ಕಚ್ಚುಗಳನ್ನೆಣಿಸಿ ಅಷ್ಟು ಏಟು. ಕಚ್ಚು ಹಾಕಿದವರು ಎಷ್ಟೋ ವೇಳೆ ತಂದೆತಾಯಿಗಳೇ ಎಂಬುದು ಇಲ್ಲಿಯ ದಾರುಣ ಸಂಗತಿ. ಹಡಗು ಹತ್ತಿ ಹೋಗಬೇಕಾದ ಮಗುವಿಗೆ ಅನ್ನ ಕೊಡುವುದು ಇಂಗ್ಲಿಷ್ ಎಂದು ಅವರು ನಂಬಿದ್ದರು. ಆ ನಂಬಿಕೆಯನ್ನು ಅವಹೇಳನ ಮಾಡುವುದು ಸುಲಭ, ಉತ್ತರಿಸುವುದು ಸುಲಭವಲ್ಲ. 1893ರಲ್ಲಿ ಡಗ್ಲಸ್ ಹೈಡ್ ಮುಂತಾದವರು ಐರಿಷ್ ನುಡಿಯ ರಕ್ಷಣೆಗೆ ಗೇಲಿಕ್ ಸಂಘವನ್ನು ಕಟ್ಟಿದರು. ಆ ಹೈಡನೇ 1938ರಲ್ಲಿ ದೇಶದ ಪ್ರಥಮ ಅಧ್ಯಕ್ಷನಾದನು. 1937ರ ಸಂವಿಧಾನ ಐರಿಷನ್ನು ಪ್ರಥಮ ಅಧಿಕೃತ ಭಾಷೆಯೆಂದು ಸಾರಿತು. (ಭಾರತ ಸಂವಿಧಾನದ ನಿರ್ದೇಶಕ ತತ್ತ್ವಗಳಿಗೆ ಮಾದರಿ ದೊರೆತದ್ದೂ ಅದೇ ಸಂವಿಧಾನದಲ್ಲಿ.) ಫಲವೇನು? 2022ರ ಜನಗಣತಿಯಲ್ಲಿ 18 ಲಕ್ಷ 70 ಸಾವಿರಕ್ಕೂ ಹೆಚ್ಚು ಜನ ತಮಗೆ ಐರಿಷ್ ಬರುವುದೆಂದು ಹೇಳಿದರು. ಶಾಲೆಯ ಹೊರಗೆ ಅದನ್ನು ನಿತ್ಯವೂ ಆಡುವವರು ಸುಮಾರು 72 ಸಾವಿರ. ಕಾಯಿದೆಯ ಪುಸ್ತಕದಲ್ಲಿ ಸಿಂಹಾಸನ, ಮನೆಯಲ್ಲಿ ಮೂಲೆ ಎಂಬ ಸ್ಥಿತಿ. ಕನ್ನಡದವರು ಅದನ್ನು ದೂರದ ಕಥೆಯೆಂದು ಓದಬಾರದು.

ಕೋಲು ಕಟ್ಟಿದ ಶಾಲೆಯೇ ಮುಂದೆ ಒಂದು ಪ್ರಾಯಶ್ಚಿತ್ತವನ್ನೂ ಮಾಡಿತು. 1937ರಿಂದ 1939ರವರೆಗೆ ಜಾನಪದ ಆಯೋಗ ಮತ್ತು ಶಾಲಾಶಿಕ್ಷಕರು ಸೇರಿ ಸುಮಾರು 5 ಸಾವಿರ ಪ್ರಾಥಮಿಕ ಶಾಲೆಗಳ ಮೇಲ್ತರಗತಿಯ ಮಕ್ಕಳಿಗೆ ಒಂದು ಕೆಲಸ ಒಪ್ಪಿಸಿದರು: ಮನೆಯ ಅಜ್ಜ ಅಜ್ಜಿಯರನ್ನೂ ನೆರೆಯ ಹಿರಿಯರನ್ನೂ ಕೇಳಿ ಕಥೆ, ಗಾದೆ, ಮದ್ದು, ಆಟ, ಬರಗಾಲದ ನೆನಪು, ಹೊಲದ ಹೆಸರು ಎಲ್ಲವನ್ನೂ ಬರೆದು ತರುವುದು. ಐವತ್ತು ಸಾವಿರಕ್ಕೂ ಮಿಕ್ಕಿ ಮಕ್ಕಳು ಕೈಗೂಡಿಸಿದರು. ಬಂದ ಪುಟಗಳು ಸುಮಾರು 7 ಲಕ್ಷ 40 ಸಾವಿರ. ದೊಡ್ಡ ವಿದ್ವಾಂಸರ ಸಮಿತಿಗಳು ದಶಕಗಳಲ್ಲಿ ಮಾಡಲಾಗದ್ದನ್ನು ಹನ್ನೊಂದು ಹನ್ನೆರಡರ ವಯಸ್ಸಿನ ಹುಡುಗ ಹುಡುಗಿಯರು ಮಾಡಿದರು. ವೆಚ್ಚವಾದದ್ದು ಬಹುಪಾಲು ಕಾಗದ, ಮಸಿ. ಐರ್ಲೆಂಡಿನಲ್ಲಿ ನೋಡತಕ್ಕದ್ದು ಯಾವುದೆಂದು ಕೇಳಿದರೆ, ಕಡಲಬಂಡೆಗಳಿಗಿಂತ ಮುಂಚೆ ಈ ನೋಟುಪುಸ್ತಕಗಳನ್ನು ಹೇಳಬೇಕು. ಅವು ಈಗ ಅಂತರಜಾಲದಲ್ಲಿ ಎಲ್ಲರಿಗೂ ಲಭ್ಯವಾಗಿವೆ.

ಆತಿಥ್ಯದ ಇಂದಿನ ಪರೀಕ್ಷೆಯನ್ನು ಮುಚ್ಚಿಡುವುದು ಪ್ರಾಮಾಣಿಕತೆಯಲ್ಲ. ವೈದ್ಯರಾಗಿ, ದಾದಿಯರಾಗಿ, ಎಂಜಿನಿಯರುಗಳಾಗಿ ಐರ್ಲೆಂಡಿನಲ್ಲಿ ನೆಲಸಿದ ಭಾರತೀಯ ಪ್ರಜೆಗಳು 2022ರ ಗಣತಿಯಲ್ಲಿಯೇ 45 ಸಾವಿರಕ್ಕೂ ಹೆಚ್ಚು. 2025ರ ಜುಲೈ ತಿಂಗಳಲ್ಲಿ ಡಬ್ಲಿನ್ನಿನ ಹೊರವಲಯದ ಟಾಲಾ ಎಂಬಲ್ಲಿ ಭಾರತೀಯನೊಬ್ಬನ ಮೇಲೆ ಗುಂಪೊಂದು ಕ್ರೂರವಾಗಿ ಹಲ್ಲೆ ಮಾಡಿತು. ಅಂತಹ ಪ್ರಸಂಗಗಳು ಮರುಕಳಿಸಿ, ಭಾರತದ ರಾಯಭಾರ ಕಚೇರಿ ಎಚ್ಚರಿಕೆ ಹೇಳಬೇಕಾಯಿತು. ಆಗಸ್ಟಿನಲ್ಲಿ ನಡೆಯಬೇಕಾಗಿದ್ದ ಭಾರತ ದಿನಾಚರಣೆ ಮುಂದೆ ಹೋಯಿತು. ಅಂದಿನ ಅಧ್ಯಕ್ಷ ಮೈಕೆಲ್ ಹಿಗಿನ್ಸ್ ಈ ಕೃತ್ಯಗಳನ್ನು ಬಹಿರಂಗವಾಗಿ ಖಂಡಿಸಿದರು. ಟಾಲಾದ ನಿವಾಸಿಗಳು ನೂರಾರು ಸಂಖ್ಯೆಯಲ್ಲಿ ಬೀದಿಗಿಳಿದು ಪ್ರತಿಭಟಿಸಿದರು. ಬಾಡಿಗೆಮನೆಯ ಅಭಾವ ಅಲ್ಲಿಯ ಯುವಜನರನ್ನು ಕಂಗೆಡಿಸಿರುವುದೂ ನಿಜ. ಆ ಸಿಟ್ಟನ್ನು ಹೊರಗಿನವರ ಮೇಲೆ ತಿರುಗಿಸುವವರಿರುವುದೂ ನಿಜ. ಹೊರದೇಶಗಳ ಬಂದರುಗಳಲ್ಲಿ ತಮ್ಮ ಪೂರ್ವಜರು ಕೇಳಿದ ಬೈಗುಳಗಳನ್ನು ಮರೆತವರು ಮಾತ್ರ ಹಾಗೆ ಮಾಡಬಲ್ಲರು.

ಮನೆಯ ಅಭಾವದ ಈ ಪ್ರಶ್ನೆ ಪ್ರವಾಸಿಯನ್ನೂ ನೇರವಾಗಿ ಮುಟ್ಟುತ್ತದೆ. ಐರಿಷ್ ಇನ್ನೂ ಮನೆಮಾತಾಗಿರುವ ಪ್ರದೇಶಗಳಿಗೆ ಗೇಲ್ಟಾಖ್ಟ್ ಎಂದು ಹೆಸರು: ಡೊನಿಗಾಲ್, ಕಾನಮಾರಾ, ಕೆರಿಯ ಡಿಂಗಲ್ ಭೂಶಿರ, ಅರಾನ್ ದ್ವೀಪಗಳು ಮೊದಲಾದುವು. ಇವೆಲ್ಲ ಕಡಲತೀರದ ಮನೋಹರ ಸ್ಥಳಗಳು. ಆದುದರಿಂದಲೇ ಅಲ್ಲಿಯ ಮನೆಗಳನ್ನು ಹೊರಗಿನವರು ರಜಾಮನೆಗಳಾಗಿ ಕೊಂಡು, ಇಲ್ಲವೇ ವಾರ ಎರಡು ವಾರದ ಲೆಕ್ಕದಲ್ಲಿ ಪ್ರವಾಸಿಗಳಿಗೆ ಬಾಡಿಗೆಗೆ ಕೊಟ್ಟು, ಅಲ್ಲಿ ಹುಟ್ಟಿ ಆ ನುಡಿಯಾಡುವ ತರುಣ ದಂಪತಿಗಳಿಗೆ ಸೂರು ಸಿಗದಂತಾಗಿದೆ. ದಂಪತಿಗಳು ಊರು ಬಿಟ್ಟರೆ ಶಾಲೆಗೆ ಮಕ್ಕಳಿಲ್ಲ, ಮಕ್ಕಳಿಲ್ಲದಿದ್ದರೆ ನುಡಿಯಿಲ್ಲ. ಬೀಗದ ಕೈಯನ್ನು ಗೋಡೆಯ ಡಬ್ಬಿಯಿಂದ ತೆಗೆದುಕೊಂಡು, ಮನೆಯವರ ಮುಖವನ್ನೇ ನೋಡದೆ ತಂಗಿ ಹೊರಡುವವನು ಆತಿಥ್ಯವನ್ನು ಕಂಡನೆಂದು ಹೇಗೆ ಹೇಳುವುದು?

ಅದೇ ಗೇಲ್ಟಾಖ್ಟಿನಲ್ಲಿ ಬೇರೊಂದು ದಾರಿಯೂ ಇದೆ. ಬೇಸಗೆಯಲ್ಲಿ ದೇಶದ ಎಲ್ಲ ಕಡೆಗಳಿಂದ ಸಹಸ್ರಾರು ವಿದ್ಯಾರ್ಥಿಗಳು ಐರಿಷ್ ಕಲಿಯಲು ಬಂದು ಊರಿನವರ ಮನೆಗಳಲ್ಲಿಯೇ ಇಳಿದುಕೊಳ್ಳುತ್ತಾರೆ. ‘ಬ್ಯಾನ್ ಅನ್ ಟೀ’, ಅಂದರೆ ಮನೆಯೊಡತಿ, ಅವರಿಗೆ ಉಣಬಡಿಸುತ್ತಾಳೆ, ಗದರಿಸುತ್ತಾಳೆ, ಐರಿಷಿನಲ್ಲಿಯೇ ಮಾತಾಡಿಸುತ್ತಾಳೆ. ಸರ್ಕಾರ ಆ ಮನೆಗಳಿಗೆ ಸಹಾಯಧನ ಕೊಡುತ್ತದೆ. ಇಂಗ್ಲಿಷ್ ಆಡಿದ ಮಕ್ಕಳನ್ನು ಮನೆಗೆ ಕಳಿಸಿಬಿಡುವ ಕಟ್ಟುನಿಟ್ಟು ಕೆಲವು ಕಡೆ ಇದ್ದುದುಂಟು. ಕೋಲಿನ ಕಥೆಯನ್ನು ಬಲ್ಲವರು ಅದನ್ನು ಮೆಚ್ಚಲಾರರು. ವಯಸ್ಕರಿಗೂ ಇಂತಹ ಏರ್ಪಾಡುಗಳಿವೆ. ಡೊನಿಗಾಲಿನ ಪಶ್ಚಿಮ ತುದಿಯ ಒಂದು ಕಣಿವೆಯಲ್ಲಿ 1984ರಿಂದ ನಡೆದು ಬಂದಿರುವ ‘ಇಡ್ಯಸ್ ಗೇಲ್’ ಎಂಬ ಸಂಸ್ಥೆಯಲ್ಲಿ ಯಾವ ದೇಶದವರಾದರೂ ಐರಿಷ್ ಕಲಿಯಬಹುದು. ಏನೂ ಬಾರದವರಿಗೂ ತರಗತಿಯುಂಟು. ಹಗಲು ಪಾಠ, ಬೆಟ್ಟದ ನಡಿಗೆ, ನೇಯ್ಗೆ, ಕೊಳಲು, ರಾತ್ರಿ ಹಾಡು. ಡಬ್ಲಿನ್ನಿನಲ್ಲಿರುವ ಮಗನನ್ನೋ ಮಗಳನ್ನೋ ನೋಡಲು ಹೋಗುವ ತಂದೆತಾಯಿಗಳು, ಅಲ್ಲಿಯ ಐದಾರು ವಾರಗಳಲ್ಲಿ ಒಂದನ್ನು ಇಂತಹ ಕಡೆ ಕಳೆಯಲು ಈಗಿನಿಂದಲೇ ಬರೆದು ಗೊತ್ತುಮಾಡಿಕೊಳ್ಳಬಹುದು. ಚಳಿ ಬಟ್ಟೆಯೊಡನೆ ಮಳೆಯಂಗಿಯನ್ನೂ ಇಟ್ಟುಕೊಳ್ಳತಕ್ಕದ್ದು. ಡೊನಿಗಾಲಿನಲ್ಲಿ ಆಷಾಢದ ಮಳೆ ಯಾವ ತಿಂಗಳಲ್ಲಾದರೂ ಬರುತ್ತದೆ.